ಬಂಡೆಯ ಮೇಲಿನ ಬಿಳಿ ಬಾಣ

ಪುರಾತನ ಜ್ವಾಲಾಮುಖಿಗಳು ಬಿಟ್ಟುಹೋದ ನೆಲದಲ್ಲಿ ಚಿನ್ನ, ತಾಮ್ರ, ಸತುಗಳನ್ನು ಅರಸುವ ಕಾಯಕದಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಸವೆಸಿ, ಇದೀಗ ನಿವೃತ್ತರಾಗುತ್ತಿರುವ ನಮ್ಮ ಶೋಧನಾ ವಿಭಾಗದ ಮುಖ್ಯಸ್ಥೆಯವರಷ್ಟು ಬಂಡೆಗಳ ಮುಂದೆ ಮಂಡಿಯೂರಿದವರು ಈ ವೃತ್ತಿಯಲ್ಲಿ ಇನ್ನೊಬ್ಬರು ಇರಲಾರರು. ಕಚೇರಿಯಲ್ಲಿ ಅವರ ಹುದ್ದೆಯ ಹೆಸರು ಬಾಗಿಲಿನ ಫಲಕಕ್ಕೆ ಸಾಲದಷ್ಟು ಉದ್ದ. ಶಿಬಿರದಲ್ಲಿ ಮಾತ್ರ ಅವರು ಹಿರಿಯ ಕಿರಿಯರೆಲ್ಲರಿಗೂ 'ದಿಂಬಕ್ಕ'.

ಇದು ನಿದ್ದೆಯಿಂದ ಬಂದ ಬಿರುದಲ್ಲವೆಂದು ಹೊಸಬರಿಗೆ ತಿಳಿಸುವುದು ಅಗತ್ಯ. ಕಡಲಡಿಯಲ್ಲಿ ಉಕ್ಕಿದ ಲಾವಾ ನೀರಿಗೆ ತಾಗಿ ತಣಿದು, ಒಂದರ ಮೇಲೊಂದು ಪೇರಿಸಿದ ದಿಂಬುಗಳಂತೆ ಕಲ್ಲಾಗುತ್ತದೆ. ಪ್ರತಿ ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ, ಕೆಳಭಾಗ ತಳದ ಎರಡು ದಿಂಬುಗಳ ಸಂದಿಗೆ ಬಾಲದಂತೆ ಇಳಿದಿರುತ್ತದೆ. ಕೋಟ್ಯಂತರ ವರ್ಷಗಳಲ್ಲಿ ಭೂಮಿ ಮಗ್ಗುಲು ಬದಲಿಸಿ ಈ ಪದರಗಳನ್ನು ಗೋಡೆಯಂತೆ ನೆಟ್ಟಗೆ ನಿಲ್ಲಿಸಿದರೂ, ಅಂದಿನ ಮೇಲು ಯಾವುದೆಂದು ಆ ಬಾಲ ಹೇಳಿಬಿಡುತ್ತದೆ. ಬಿಸಿನೀರು ಹೊತ್ತು ತಂದ ಲೋಹ ಬಿರುಕುಗಳಲ್ಲಿ ಎಳೆಯಾಗಿ ಉಳಿದು, ಅವುಗಳ ಮೇಲೆ, ಕಡಲ ತಳದಲ್ಲಿ, ರಾಶಿಯಾಗಿ ಕೂರುತ್ತದೆ. ಆದ್ದರಿಂದ ಮೇಲು ಯಾವುದೆಂದು ತಿಳಿಯದವರು ನಿಧಿಗೆ ಬೆನ್ನು ಹಾಕಿ ನೆಲ ಕೊರೆಯುತ್ತಾರೆ.

ಈ ಪಾಠವನ್ನು ದಿಂಬಕ್ಕನವರಿಗೆ ಹೇಳಿದವರು ಅಂದಿನ ಮುಖ್ಯಸ್ಥರು, ನಮ್ಮೆಲ್ಲರ ಗುರುಗಳು. ಹೊಸ ಬೂಟು ಕಚ್ಚಿ ಕುಂಟುತ್ತಿದ್ದ ಹುಡುಗಿಗೆ ತಮ್ಮ ಚೀಲದಿಂದ ದಪ್ಪ ಕಾಲುಚೀಲ ತೆಗೆದುಕೊಟ್ಟು, ಗುಡ್ಡದ ಇಳಿಜಾರಿನಲ್ಲಿದ್ದ ಮನೆಯಷ್ಟು ದೊಡ್ಡ ಬಂಡೆಯ ಬಳಿ ಕೂರಿಸಿ, ಅದರ ದಿಂಬುಗಳನ್ನು ತೋರಿಸಿದರು. ಮೇಲು ಪಶ್ಚಿಮಕ್ಕೆಂದು ಅವರೇ ಹಿಂದೊಮ್ಮೆ ಬರೆದಿದ್ದ ಬಿಳಿ ಬಾಣ ಅದರ ಮೇಲಿತ್ತು. ಮುಂದೆ ಆಕೆ ಬಸುರಿಯಾಗಿ ಶಿಬಿರಕ್ಕೆ ಬರಲಾಗದಿದ್ದಾಗ, ಕೆಲಸ ಕೈತಪ್ಪದಿರಲೆಂದು ಗುರುಗಳು ಕಲ್ಲಿನ ಮಾದರಿಗಳನ್ನೇ ಮನೆಗೆ ಕಳುಹಿಸಿದರು. "ಕೋಣೆ ತುಂಬ ಕಲ್ಲು! ತೊಟ್ಟಿಲು ಎಲ್ಲಿಡೋಣ ಅಂತ ನಿಮ್ಮ ಸಾಹೇಬರನ್ನೇ ಕೇಳಮ್ಮಾ," ಎಂದು ಅತ್ತೆ ಗೊಣಗಿದರಂತೆ, ಗೊಣಗುತ್ತಲೇ ಅವನ್ನೆಲ್ಲ ಒರೆಸಿ ಜೋಡಿಸಿಕೊಟ್ಟರಂತೆ.

ಆ ಗುಡ್ಡದಲ್ಲಿ ತಾಮ್ರದ ಸಣ್ಣ ಎಳೆಗಳೇನೋ ಸಿಕ್ಕಿದ್ದವು. ಬಾಣ ತೋರಿದ ಪಶ್ಚಿಮದಲ್ಲಿ ಕೊರೆದದ್ದೇ ಕೊರೆದದ್ದು, ಬರೀ ಬಂಜರು ಕಲ್ಲು. ಇನ್ನೊಂದೇ ಒಂದು ರಂಧ್ರ, ಅದೂ ಬರಿದಾದರೆ ಶಿಬಿರ ಬಂದ್ ಎಂದು ಮೇಲಿನಿಂದ ಅಪ್ಪಣೆ ಬಂತು. ಗುರುಗಳಿಗೆ ಅದೇ ಸೇವೆಯ ಕೊನೆಯ ವರ್ಷ. ಬರಿಗೈಯಲ್ಲಿ ಮನೆಗೆ ಹೋಗುವ ಸಂಕಟ ಅವರ ಊಟ ನಿದ್ದೆ ಕೆಡಿಸಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಬಂಡೆಯ ನೆರಳಲ್ಲಿ ಕೂತಿದ್ದ ದಿಂಬಕ್ಕ, ಅದರ ಬುಡಕ್ಕೆ ಈ ಕಡೆಯಿಂದ ನುಗ್ಗಿದ ಓತಿಕ್ಯಾತ ಆ ಕಡೆಯಿಂದ ಹೊರಬಂದದ್ದನ್ನು ಕಂಡರು. ಕಬ್ಬಿಣದ ಸರಳು ತಂದು ಕೆಳಗೆ ತೂರಿಸಿದರೆ ಮಣ್ಣು ಸೀಳಿಕೊಂಡು ಸಲೀಸಾಗಿ ಹೋಯಿತು. ನೆಲದಲ್ಲಿ ಬೇರುಬಿಟ್ಟಿದೆಯೆಂದು ಎಲ್ಲರೂ ನಂಬಿದ್ದ ಬಂಡೆ ಎಂದೋ ಮೇಲಿನಿಂದ ಉರುಳಿ, ತಿರುಗಿ ಬಿದ್ದದ್ದು! ಅದರ ದಿಂಬುಗಳು ಹೇಳುವ ಮೇಲು ಅದಕ್ಕೆ ಮಾತ್ರ ಸಂಬಂಧಿಸಿದ್ದು, ಗುಡ್ಡಕ್ಕಲ್ಲ. ಆ ಹೊತ್ತು ಅವರಿಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. ಗುರುವಿಗೇ ತಿರುಮಂತ್ರ ಹೇಳುವುದು ಹೇಗೆ? ಹೇಳದಿದ್ದರೆ ಉಳಿದಿರುವ ಒಂದು ರಂಧ್ರವೂ ಮಣ್ಣುಪಾಲು.

ಮರುದಿನ ಆಕೆ ಎರಡು ಲೋಟ ಟೀ ಹಿಡಿದು, ಗುರುಗಳನ್ನು ಗುಡ್ಡದ ಬುಡದ ತೊರೆಗೆ ಕರೆದೊಯ್ದರು. ಆ ವರ್ಷದ ಪ್ರವಾಹ ದಡ ಕೊಚ್ಚಿ, ಅಲ್ಲಿ ನೆಲದಲ್ಲೇ ಬೇರುಬಿಟ್ಟ ಹಾಸುಬಂಡೆಯೊಂದನ್ನು ಹೊಸದಾಗಿ ತೆರೆದಿಟ್ಟಿತ್ತು.

"ಏನಮ್ಮಾ, ಇವತ್ತು ಟೀ ನಿನ್ನ ಕೈಯಲ್ಲಿ? ರಜೆ ಬೇಕಾ?"

"ರಜೆ ಬೇಡ ಸರ್. ಇಲ್ಲಿ ಮೇಲು ಯಾವ ಕಡೆ ಅಂತ ಒಂದ್ಸಲ ನೋಡಿ ಹೇಳಿ."

ಗುರುಗಳು ಕುಕ್ಕರುಗಾಲಲ್ಲಿ ಕೂತು ದಿಂಬುಗಳ ಅಂಚನ್ನು ಬೆರಳಿನಿಂದ ಸವರಿದರು. "ಪೂರ್ವ," ಎಂದವರೇ ತಲೆಯೆತ್ತಿ ಇಳಿಜಾರಿನ ಬಂಡೆಯತ್ತ ನೋಡಿದರು. "ಅದು ಅಲ್ಲಾಡುತ್ತೇನಮ್ಮಾ?"

"ಅಲ್ಲಾಡಲ್ಲ ಸರ್. ಆದ್ರೆ ಅದರ ಕೆಳಗೆ ಓತಿಕ್ಯಾತ ಓಡಾಡುತ್ತೆ."

ಅವರು ಮಾತಾಡದೆ ಕೊನೆಯ ಗುಟುಕಿನವರೆಗೂ ಟೀ ಕುಡಿದರು. ಬಳಿಕ, ನೆಲ ಕೊರೆಯುವ ಯಂತ್ರದವರೆಲ್ಲ ತಿರುಗಿ ನೋಡುವಂತೆ ಗಹಗಹಿಸಿ ನಕ್ಕರು. "ಅದರ ಮೇಲೇ ಕೂತು ಊರಿಗೆಲ್ಲ ಪಾಠ ಹೇಳಿದೆನಲ್ಲಮ್ಮಾ! ಹೋಗು, ಬಣ್ಣದ ಡಬ್ಬಿ ತಗೊಂಡು ಬಾ." ತಾವೇ ಬಾಣಕ್ಕೆ ಅಡ್ಡಗೆರೆ ಎಳೆದು, ಕೆಳಗೆ 'ಉರುಳಿದ ಬಂಡೆ' ಎಂದು ದಪ್ಪಕ್ಷರದಲ್ಲಿ ಬರೆದರು.

ಕೊನೆಯ ರಂಧ್ರಕ್ಕೆ ಪೂರ್ವದಲ್ಲಿ ಗೊತ್ತಾದ ಜಾಗ ಸರಿಯಾಗಿ ಶಿಬಿರದ ಅಡುಗೆಮನೆ. "ಹುಡುಕೋದು ನೀವು, ಎತ್ತಂಗಡಿ ನಂಗಾ?" ಎಂದು ಅಡುಗೆಯವರು ಪಾತ್ರೆ ಕುಕ್ಕಿದರು. ವಾರ ಕಳೆಯುವಷ್ಟರಲ್ಲಿ ಕೊರೆಯುವ ಕೊಳವೆಯಿಂದ ಹೊರಬಂದ ಕಲ್ಲಿನ ಕೋಲು ಉಜ್ಜಿದ ಹಿತ್ತಾಳೆಯಂತೆ ಹೊಳೆಯುತ್ತಿತ್ತು: ತಾಮ್ರ, ಸತು, ಪ್ರಯೋಗಾಲಯ ಆಮೇಲೆ ಹೇಳಿದಂತೆ ಒಂದಿಷ್ಟು ಚಿನ್ನ ಕೂಡ. "ಇಷ್ಟು ದಿನ ಒಲೆ ಹಚ್ಚಿದ್ದು ಇದರ ಮೇಲಾ!" ಎಂದು ಅಡುಗೆಯವರು ಹಣೆ ಚಚ್ಚಿಕೊಂಡರು. ಗುರುಗಳು ಕೋಲನ್ನು ಮಗುವಿನಂತೆ ಎತ್ತಿಕೊಂಡು, ಒದ್ದೆಗಣ್ಣಿನಲ್ಲಿ ಎಲ್ಲರೆದುರು ಹೇಳಿದರು: "ಬಾಣ ತಪ್ಪಿದ್ದು ನಂದು. ತಿದ್ದಿದ್ದು ಇವಳು."

ಅಂದಿನಿಂದ ಹೊಸಬರು ಯಾರೇ ಬರಲಿ, ದಿಂಬಕ್ಕ ಅವರನ್ನು ಮೊದಲು ಆ ಬಂಡೆಯ ಬರಹವಿಲ್ಲದ ಬದಿಗೆ ಕರೆದೊಯ್ದು "ಮೇಲು ಯಾವುದು?" ಎಂದು ಕೇಳುವುದು ವಾಡಿಕೆಯಾಯಿತು. ಉತ್ತರಿಸುವ ಮುನ್ನ ಸರಳು ಕೇಳಿದವರು ಇಲ್ಲವೇ ಇಲ್ಲ; ಉತ್ತರ ಬಂದ ಮೇಲೆ ದಿಂಬಕ್ಕನೇ ಅದನ್ನು ಅವರ ಕೈಗಿಡುತ್ತಿದ್ದರು. ಅವರ ಮುಂದಾಳ್ತನದಲ್ಲಿ ಇನ್ನೆರಡು ನಿಕ್ಷೇಪಗಳು ಪತ್ತೆಯಾದದ್ದು ವೃತ್ತಿಬಾಂಧವರೆಲ್ಲ ಬಲ್ಲ ಸಂಗತಿ. ಯಂತ್ರದ ಚಾಲಕರ ಮಗಳಿಗೆ ಪರೀಕ್ಷೆಗೆ ಓದಲು ಜಾಗವಿಲ್ಲದಾಗ ತಮ್ಮ ಕೋಣೆಯ ಕೀಲಿ ಕೊಟ್ಟು, ತಾವು ಕಲ್ಲಿನ ಉಗ್ರಾಣದಲ್ಲಿ ಮಂಚ ಹಾಕಿಕೊಂಡದ್ದು ಬಹಳ ಮಂದಿಗೆ ತಿಳಿಯದು. ಆ ಮಗಳು ಇಂದು ನಮ್ಮ ವಿಭಾಗದಲ್ಲೇ ಭೂವಿಜ್ಞಾನಿ.

ಕಳೆದ ತಿಂಗಳು, ದಿಂಬಕ್ಕನವರ ಕೊನೆಯ ಕ್ಷೇತ್ರಪ್ರವಾಸದಲ್ಲಿ, ಆ ಚಾಲಕರ ಮಗಳೇ ಎರಡು ಲೋಟ ಟೀ ತಂದಳು. ಕಂಕುಳಲ್ಲಿ ಸರಳಿತ್ತು.

ದಿಂಬಕ್ಕ ಲೋಟ ತೆಗೆದುಕೊಂಡು ಅವಳ ಮುಖ ನೋಡಿದರು. "ಯಾವ ಬಾಣವೇ?"

"ಹೊಳೆ ಆಚೆದು ಅಕ್ಕಾ. ನೀವು ಕೆಲಸಕ್ಕೆ ಸೇರಿದ ವರ್ಷ ಬರೆದಿದ್ದು."

ದಿಂಬಕ್ಕ ಹೊಳೆಯಾಚೆಗೆ ಕಣ್ಣು ಹಾಯಿಸಿದರು. ಇಷ್ಟು ವರ್ಷ ಎಲ್ಲರ ಕೈಗೂ ಸರಳು ಕೊಟ್ಟು, ತಮ್ಮದೊಂದನ್ನು ಮಾತ್ರ ಪರೀಕ್ಷಿಸದೆ ಬಿಟ್ಟಿದ್ದರು. ಗುರುಗಳು ಅಂದು ಏಕೆ ಕೊನೆಯ ಗುಟುಕಿನವರೆಗೂ ಸುಮ್ಮನಿದ್ದರೆಂಬುದು ಅವರಿಗೆ ಈಗ ತಿಳಿಯಿತು. ತಾವೂ ನಿಧಾನವಾಗಿ ಕುಡಿದು ಮುಗಿಸಿ, ಹೊಳೆ ದಾಟಿ, ಬಾಣವಿದ್ದ ಬಂಡೆಯ ಬುಡದಲ್ಲಿ ಮಂಡಿಯೂರಿ ಸರಳು ತೂರಿಸಿದರು. ಅದು ಸಲೀಸಾಗಿ ಒಳಗೆ ಹೋಯಿತು.

"ಬಣ್ಣದ ಡಬ್ಬಿ?"

"ಜೀಪಲ್ಲಿದೆ ಅಕ್ಕಾ."

"ತಂದುಕೊಂಡೇ ಬಂದಿದ್ದೀಯಲ್ಲೇ, ಕಳ್ಳಿ!" ಎಂದು ಅವಳ ಬೆನ್ನಿಗೊಂದು ಗುದ್ದಿ ಅವರು ನಕ್ಕ ನಗು ಹೊಳೆಯ ಈ ದಡಕ್ಕೂ ಕೇಳಿಸಿತು. ಆ ಬಂಡೆಯ ಮೇಲೂ ಈಗ ದಪ್ಪಕ್ಷರದ ಬರಹವಿದೆ. ಅಡ್ಡಗೆರೆ ಅವರದೇ ಕೈಯದು.

ದಿಂಬಕ್ಕನವರಿಗೆ ದೀರ್ಘಾಯುಷ್ಯವೂ ಗಟ್ಟಿ ಮಂಡಿಗಳೂ ಇರಲಿ. ನಿವೃತ್ತಿಯ ಆದೇಶ ಕಚೇರಿಯ ಕುರ್ಚಿಗಷ್ಟೇ ಅನ್ವಯಿಸುತ್ತದೆಂದು ನಾವು ಭಾವಿಸಿದ್ದೇವೆ. ಬರುವ ವರ್ಷ ಹೊಳೆಯಾಚೆ, ತಿದ್ದಿದ ದಿಕ್ಕಿನಲ್ಲಿ, ಮೊದಲ ರಂಧ್ರ ಕೊರೆಯುವ ದಿನ ಅವರು ಬರಲೇಬೇಕು. ಅಂದು ಕೊಡುವ ಟೀ ಬರೀ ಟೀ ಎಂದು ಈ ಮೂಲಕ ಮಾತು ಕೊಡುತ್ತೇವೆ.