ರಸ್ಮಿಯಾಳ ಕೊಪ್ಪರಿಗೆ

ನನ್ನ ವಾರಗಿತ್ತಿ ರಸ್ಮಿಯಾಳನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಅಜ್ಲೂನ್ ಊರಿನ ನಮ್ಮ ಬೀದಿಯ ಕುರಿಗಳಿಗೂ ಗೊತ್ತಿರುವ ಸಂಗತಿ ಇದು, ಮುಚ್ಚಿಟ್ಟು ಏನು ಮಾಡಲಿ? ಅವಳೇನು ಚೆಲುವೆಯಲ್ಲ. ಗಿಡ್ಡ, ಅಗಲ ಮುಖ, ನಕ್ಕರೆ ಒಸಡೆಲ್ಲ ಕಾಣುತ್ತದೆ. ಗಂಡ ಸಾಲೆಮ್, ಅಂದರೆ ನನ್ನ ಮೈದುನ, ಶಾಲೆಯ ಬಸ್ಸು ಓಡಿಸುತ್ತಾನೆ. ಮಕ್ಕಳಾಗಲಿಲ್ಲ. ಇಷ್ಟೆಲ್ಲ ನೋಡಿದರೆ ಹೊಟ್ಟೆ ಉರಿಸಿಕೊಳ್ಳಬೇಕಾದವಳು ಅವಳು, ನಾನಲ್ಲ. ಆದರೆ ವಸಂತ ಬಂದು ಕುರಿಗಳ ಕೆಚ್ಚಲು ತುಂಬಿತೆಂದರೆ ಬೀದಿಗೆಲ್ಲ ಬೇಕಾದವಳು ಅವಳೊಬ್ಬಳೇ.

ಅವಳು ಮದುವೆಯಾಗಿ ಬಂದಾಗಲೇ ಒಂದು ನಾಟಕ ನಡೆಯಿತು. ಮದುವೆಗೆ ಗಂಡು ಕೊಡುವ ಮೆಹರಿನ ಬಂಗಾರವನ್ನು ಹೆಂಗಸರು ಪ್ರಾಣದ ಹಾಗೆ ಕಾಪಾಡಿಕೊಳ್ಳುತ್ತಾರೆ. ನನ್ನ ಬಳೆಗಳನ್ನು ನಾನು ಇವತ್ತಿಗೂ ಮೊಳಕೈವರೆಗೆ ಏರಿಸಿಕೊಂಡೇ ಮದುವೆ ಮನೆಗೆ ಹೋಗುವುದು. ಈ ಪುಣ್ಯಾತ್ಗಿತ್ತಿ ಕೈಯ ಗೋರಂಟಿ ಮಾಸುವ ಮೊದಲೇ ಬಳೆ ಮಾರಿ ಇರ್ಬಿದ್ ಪೇಟೆಯಿಂದ ತಾಮ್ರದ ದೊಡ್ಡ ಕೊಪ್ಪರಿಗೆ ಹೊತ್ತು ತಂದಳು. ಅತ್ತೆ ಹಣೆ ಹಣೆ ಚಚ್ಚಿಕೊಂಡರು.

"ಅಯ್ಯೋ ಹುಡುಗಿ, ಬಂಗಾರ ಕೊಟ್ಟು ಹಂಡೆ ತಂದ್ಯಾ? ಇನ್ಮೇಲೆ ಅದನ್ನೇ ಕತ್ತಿಗೆ ಕಟ್ಕೊಂಡು ಮದ್ವೆಗೆ ಬರ್ತೀಯಾ?" ಅಂದೆ.

"ಹಂಡೆ ಅಲ್ಲಕ್ಕಾ, ಕೊಪ್ಪರಿಗೆ," ಅಂದಳು. ಅಷ್ಟೇ. ಜಗಳಕ್ಕೆ ಕರೆದರೂ ಬರುವವಳಲ್ಲ, ಅದೂ ನನಗೆ ಉರಿಯೇ.

ಅವಳು ಅದನ್ನು ಆರಿಸಿದ ಕತೆಯನ್ನು ಸಾಲೆಮ್ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಒಂದು ಅಂಗಡಿ ಬಿಡಲಿಲ್ಲವಂತೆ. ಹೊಳಪನ್ನು ಕಣ್ಣೆತ್ತಿಯೂ ನೋಡದೆ ತೋಳು ಮಡಚಿ ಪಾತ್ರೆಯೊಳಗೆ ಕೈ ಇಳಿಸುತ್ತಿದ್ದಳಂತೆ. ಅಂಚು ಕಂಕುಳಿಗೆ ತಾಗುವ ಮೊದಲೇ ಬೆರಳು ತಳ ಮುಟ್ಟಬೇಕು. ಇಲ್ಲದಿದ್ದರೆ ಅದು ಬೇಡ. ಚೀಸ್ ಮಾಡುವಾಗ ಹೆಪ್ಪುಗಟ್ಟಿದ ಹಾಲನ್ನು ತಳದಿಂದ ಕೈಯಲ್ಲೇ ಒಟ್ಟು ಮಾಡಬೇಕಲ್ಲ. ಆಮೇಲೆ ಬುಡಕ್ಕೆ ಗೆಣ್ಣಿನಿಂದ ಕುಟ್ಟಿ ಕಿವಿಗೊಡುವುದು. ತೆಳು ಬುಡ ಗಣಗಣ ಅನ್ನುತ್ತದೆ, ಅದೂ ಬೇಡ. ಪಾತ್ರೆಯ ಕಿವಿ, ಅಂದರೆ ಹಿಡಿಕೆ, ಹಿಡಿದು ಜಗ್ಗುವುದು. ಮೊಳೆ ಬಡಿಯದೆ ಬರೀ ಬೆಸುಗೆ ಹಾಕಿದ ಕಿವಿಯಾದರೆ ಮುಂದಿನ ಅಂಗಡಿ. ಕೊನೆಗೆ ಒಂದು ಒಪ್ಪಿಗೆಯಾದ ಮೇಲೂ, ಕಣ್ಣೆದುರಿಗೇ ಒಳಗೆ ತವರದ ಹೊಸ ಕಲಾಯಿ ಹಾಕಿಸಿದ ಮೇಲೇ ಅಲ್ಲಿಂದ ಎದ್ದದ್ದು.

"ಏನಮ್ಮಾ, ಪಾತ್ರೆ ನೋಡ್ತಿದ್ದೀಯೋ, ಗಂಡು ನೋಡ್ತಿದ್ದೀಯೋ?" ಅಂದನಂತೆ ಅಂಗಡಿಯವನು.

"ಗಂಡು ಸಿಕ್ಕಾಯ್ತು. ಅವನನ್ನ ಇಷ್ಟು ನೋಡ್ಲಿಲ್ಲ," ಅಂದಳಂತೆ ಇವಳು.

ಇದನ್ನು ಹೇಳಿ ಸಾಲೆಮ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ನನ್ನ ಗಂಡ ದಿಯಾಬ್ ನನ್ನ ಬಗ್ಗೆ ಹೀಗೆ ನಗುನಗುತ್ತಾ ಒಂದು ಮಾತು ಯಾರೆದುರೂ ಆಡಿದ್ದಿಲ್ಲ.

ನಮ್ಮ ಬೀದಿಯಲ್ಲಿ ಹಾಲಿಗೆ ಸರದಿ ಇದೆ. ಒಂದೊಂದು ಮನೆಯ ನಾಲ್ಕಾರು ಕುರಿಯ ಹಾಲಿನಲ್ಲಿ ಚೀಸ್ ಎಷ್ಟಾದೀತು? ಅದಕ್ಕೆ ಎಲ್ಲರೂ ತಂತಮ್ಮ ಹಾಲನ್ನು ಒಂದು ದಿನ ಒಬ್ಬಳ ಮನೆಗೆ ಸುರಿಯುತ್ತಾರೆ, ಮರುದಿನ ಇನ್ನೊಬ್ಬಳ ಮನೆಗೆ. ಸರದಿಯವಳು ಕೆಡಿಸಿದರೆ ಕೆಟ್ಟದ್ದು ಇಡೀ ಬೀದಿಯ ಹಾಲು. ಮೊದಲೆಲ್ಲ ಒಬ್ಬೊಬ್ಬಳದು ಒಂದೊಂದು ಪಾತ್ರೆ, ಒಂದು ಸೊಟ್ಟ, ಇನ್ನೊಂದು ತಳ ಹಿಡಿಯುವಂಥದ್ದು. ರಸ್ಮಿಯಾಳ ಕೊಪ್ಪರಿಗೆ ಬಂದ ಮೇಲೆ ಎಲ್ಲರಿಗೂ ಅದೇ ಬೇಕು. ಸರದಿಯ ಜೊತೆ ಕೊಪ್ಪರಿಗೆ ಮನೆ ಮನೆ ತಿರುಗುತ್ತಿತ್ತು, ಅದರ ಹಿಂದೆ ಪಾಠ ಹೇಳುತ್ತಾ ಇವಳು. ತಣ್ಣೀರಲ್ಲಿ ಒದ್ದೆ ಮಾಡಿ, ಒರೆಸದೆ, ಆಮೇಲೆ ಹಾಲು ಸುರಿಯಬೇಕು, ಹಾಗಾದರೆ ಅಂಟುವುದಿಲ್ಲ. ಒಳಗೆ ಮರಳು ಹಾಕಿ ತಿಕ್ಕಿದಿರೋ, ಕಲಾಯಿ ಎದ್ದುಹೋಗುತ್ತದೆ. ಮಾತಾಡದವಳಿಗೆ ಆ ದಿನಗಳಲ್ಲಿ ಬಾಯಿ ಬರುತ್ತಿತ್ತು.

ತುಂಬಿದ ಕೊಪ್ಪರಿಗೆಯನ್ನು ಒಲೆಯಿಂದ ಇಳಿಸಲು ಇಬ್ಬರು ಬೇಕು, ಅದೂ ಸಮ ಎತ್ತರದವರು. ನನ್ನ ಗ್ರಹಚಾರ, ಅವಳಷ್ಟು ಗಿಡ್ಡ ಬೀದಿಯಲ್ಲಿ ನಾನೊಬ್ಬಳೇ. "ಅಕ್ಕಾ, ಆ ಕಿವಿ ಹಿಡ್ಕೋ ಬಾ" ಅಂತ ಎಲ್ಲರ ಸರದಿಗೂ ಕರೆ. ಸೊಂಟ ಮುರಿದುಕೊಂಡದ್ದು ನಾನು, ಹೊಗಳಿಸಿಕೊಂಡದ್ದು ಅವಳು. ಬೀದಿಗೆ ಹಿರಿಯಳಾದ ಜಲಾಲನಮ್ಮ ಚೀಸಿನ ಬಿಸಿ ತುಂಡು ಬಾಯಿಗಿಟ್ಟು, "ನೋಡ್ರೇ, ಹಲ್ಲಿಗೆ ಕಿರ್ ಅಂತದೆ! ರಸ್ಮಿಯಾ ಕೈ ಅಂದ್ರೆ ಕೈ" ಅನ್ನುವಳು. ಆಮೇಲೆ ನನ್ನ ಮುಖ ನೋಡಿ, "ನಾಯ್ಫಾ, ನಿನ್ನ ಚಹಾನೂ ಚೆನ್ನಾಗಿದೆ ಕಣೆ" ಅನ್ನುವಳು. ಮೈಯೆಲ್ಲ ಉರಿದುಹೋಗುತ್ತಿತ್ತು.

ಇಷ್ಟನ್ನೂ ಸಹಿಸಿದೆ. ಆದರೆ ನನ್ನ ಮಗಳು ಅರೂಬ್ ಚೀಸಿನ ಕೆಲಸ ಕಲಿಯಲು ಅವಳ ಹತ್ತಿರ ಹೋಗಿ ಕೂತಳು ನೋಡಿ, ಅಲ್ಲಿಗೆ ನನ್ನ ಸಹನೆ ತೀರಿತು. ಅರೂಬ್‌ಗೆ ಮದುವೆ ನಿಶ್ಚಯವಾಗಿತ್ತು, ಸೂಫ್ ಊರಿನ ಹುಡುಗ. ಮದುವೆಯಾದ ಹುಡುಗಿ ಮೊದಲ ವಸಂತದ ಚೀಸನ್ನು ಡಬ್ಬಿಗೆ ತುಂಬಿ ತನಗೆ ಆ ಕೆಲಸ ಕಲಿಸಿದವಳ ಮನೆಗೆ ಕಳಿಸುವುದು ನಮ್ಮ ಬೀದಿಯ ರೂಢಿ. ಅದು ತಾಯಿಯ ಮನೆಗೇ ಹೋಗುತ್ತದೆ, ಯಾರೂ ಕೇಳುವುದೇ ಇಲ್ಲ. ನನ್ನ ವಿಷಯದಲ್ಲಿ ಮಾತ್ರ ಕೇಳುವ ಹಾಗಾಯಿತು. ಜಲಾಲನಮ್ಮ ಕೇಳಿಯೂ ಬಿಟ್ಟಳು. "ಅರೂಬ್ ಡಬ್ಬಿ ಯಾರ ಮನೆಗೆ ಬರತ್ತೋ?" ಹೆತ್ತದ್ದು ನಾನು, ಹಾಲೂಡಿಸಿದ್ದು ನಾನು, ಡಬ್ಬಿ ಅವಳ ಮನೆಗೆ ಹೋಗುವುದೇ? ಬೀದಿಯಲ್ಲಿ ಮತ್ತೆ ತಲೆಯೆತ್ತಿ ನಡೆಯಲಾದೀತೇ?

"ಏಳು, ಇರ್ಬಿದ್‌ಗೆ ಹೋಗೋಣ. ನಂಗೂ ಪಾತ್ರೆ ಬೇಕು. ಅವಳದಕ್ಕಿಂತ ದೊಡ್ಡದು," ಅಂದೆ ದಿಯಾಬ್‌ಗೆ.

"ಅದ್ರಲ್ಲಿ ಏನು ಮಾಡ್ತೀಯೇ?"

"ನಿನ್ನ ಬೇಯಿಸ್ತೀನಿ."

ತೋಳು ಇಳಿಸಿ ಅಳೆಯುವುದು, ಕುಟ್ಟಿ ಕಿವಿಗೊಡುವುದು ಎಲ್ಲ ನನಗೂ ಗೊತ್ತಿತ್ತು. ಅವಳು ಮಾಡಿದ್ದನ್ನು ನಾನು ಮಾಡುವುದೇ? ಸತ್ತರೂ ಇಲ್ಲ. ಕನ್ನಡಿಯಂತೆ ಮುಖ ಕಾಣುವ ಸ್ಟೀಲಿನ ಹಂಡೆ, ನನ್ನ ಎದೆಯೆತ್ತರದ್ದು, ಅದನ್ನೇ ತೋರಿಸಿ ಕೊಡು ಅಂದೆ. ಪಿಕಪ್ ಗಾಡಿಯಿಂದ ಇಳಿಸುವಾಗ ಬೀದಿಯೆಲ್ಲ ಬಾಗಿಲಿಗೆ ಬಂತು. ಆ ಒಂದು ಗಳಿಗೆ ಸ್ವರ್ಗ.

ನನ್ನ ಸರದಿ ಬಂತು. ಕೊಪ್ಪರಿಗೆ ಬೇಡ ಅಂತ ಹೇಳಿ ಕಳಿಸಿದೆ. ಹಾಲು ಸುರಿದರು, ಬೆಚ್ಚಗೆ ಮಾಡಿದೆ, ಹೆಪ್ಪು ಹಾಕಿದೆ, ಕಂಬಳಿ ಹೊದಿಸಿದೆ. ಅಲ್ಲಿಯವರೆಗೆ ಸರಿ. ಗಟ್ಟಿಯಾದ ಮೇಲೆ ಒಟ್ಟು ಮಾಡಲು ಕೈ ಇಳಿಸಿದರೆ ತಳವೆಲ್ಲಿ? ತೋಳು ಪೂರ್ತಿ ಮುಳುಗಿತು, ತಳ ಸಿಗಲಿಲ್ಲ. ಮಣೆ ಹಾಕಿಕೊಂಡು ಹತ್ತಿದೆ, ಬಗ್ಗಿದೆ, ತಲೆವಸ್ತ್ರ ಜಾರಿ ಹಾಲಿಗೆ ಬಿತ್ತು.

"ಹಿಡ್ಕೊಳ್ರೇ, ನಾಯ್ಫಾನೂ ಹೆಪ್ಪುಗಟ್ತಾಳೆ!" ಅಂದಳು ಜಲಾಲನಮ್ಮ. ಹೆಂಗಸರೆಲ್ಲ ಬಿದ್ದು ಬಿದ್ದು ನಕ್ಕರು. ನನ್ನ ಮಗಳೂ ನಕ್ಕಳು.

ಸಿಟ್ಟಿನಲ್ಲಿ ಹಂಡೆಯನ್ನು ವಾಲಿಸಲು ಹೋದೆ. ವಾಲಿಸಿದ್ದರೆ ಗಟ್ಟಿಯೆಲ್ಲ ಒಡೆದು ತಿಳಿನೀರಿನ ಜೊತೆ ಹರಿದುಹೋಗುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ರಸ್ಮಿಯಾ. "ಅಕ್ಕಾ, ಬೇಡ! ಮುಟ್ಬೇಡ!" ಅಂದವಳೇ ಒಳಗೆ ಬಂದು, ಬಟ್ಟಲಿನಲ್ಲಿ ಮೇಲಿನ ತಿಳಿಯನ್ನು ಮೆಲ್ಲಗೆ ತೆಗೆದು, ಆಮೇಲೆ ಜಾಲರಿ ಸೌಟಿಗೆ ಕೋಲು ಕಟ್ಟಿ ಗಟ್ಟಿಯನ್ನು ಪದರ ಪದರವಾಗಿ ಬಟ್ಟೆಗೆ ಎತ್ತಿ ಹಾಕಿದಳು. ಒಂದು ಹಿಡಿಯೂ ಹಾಳಾಗಲಿಲ್ಲ. ಅರೂಬ್ ಪಕ್ಕದಲ್ಲೇ ನಿಂತು ಬಟ್ಟೆ ಹಿಡಿದಳು. ಇಬ್ಬರೂ ಒಂದು ಮಾತಿಲ್ಲದೆ, ತಾಯಿ ಮಗಳ ಹಾಗೆ.

ನನ್ನ ನಾಲಿಗೆ ನನ್ನ ಮಾತು ಕೇಳಲಿಲ್ಲ. "ಹೆರೋಕೆ ಆಗ್ಲಿಲ್ಲ, ಹೆತ್ತೋರ ಮಗಳನ್ನ ಕಿತ್ಕೊಳ್ಳೋಕೆ ಬಂದ್ಯಾ?" ಅಂದೆ.

ರಸ್ಮಿಯಾ ಬಟ್ಟೆಯ ಗಂಟು ಕಟ್ಟಿ, ಮೇಲೆ ಕಲ್ಲು ಹೇರಿ, ಕೈ ತೊಳೆದುಕೊಂಡು ಹೋದಳು. ಅರೂಬ್ ನನ್ನ ಜೊತೆ ಎಷ್ಟೋ ದಿನ ಮಾತಾಡಲಿಲ್ಲ.

ಬೇಸಿಗೆ ಮುಗಿಯುವಾಗ ಮದುವೆ. ಅದರ ಹಿಂದಿನ ವಾರ ಸಾಲೆಮ್‌ನ ಶಾಲೆ ಬಸ್ಸು ನಮ್ಮ ಮನೆ ಮುಂದೆ ನಿಂತಿತು. ಒಳಗೆ ಮಕ್ಕಳಿರಲಿಲ್ಲ, ಕೊಪ್ಪರಿಗೆ ಇತ್ತು. ಹೊಸ ಕಲಾಯಿ ಬೆಳ್ಳಗೆ ಹೊಳೆಯುತ್ತಿತ್ತು.

"ಅರೂಬ್‌ಗೆ," ಅಂದಳು ರಸ್ಮಿಯಾ.

ಅವಳ ಬಂಗಾರವೆಲ್ಲ ಹೋದದ್ದು ಅದಕ್ಕೇ. ಅದನ್ನೇ ಅವಳು ಕೊಟ್ಟುಬಿಟ್ಟರೆ ನಾನು ಮಗಳಿಗೆ ಏನು ಕೊಟ್ಟರೂ ಬೆಲೆ ಉಳಿಯುತ್ತದೆಯೇ? "ನಮ್ಮ ಮಗಳಿಗೆ ಪಾತ್ರೆ ಕೊಡೋ ಯೋಗ್ಯತೆ ನಮಗಿದೆ," ಅಂದು ಮೂಲೆಯ ಸ್ಟೀಲಿನ ಹಂಡೆ ತೋರಿಸಿದೆ.

ಅರೂಬ್ ನಮ್ಮಿಬ್ಬರ ಮುಖ ನೋಡಿದಳು. "ಅಮ್ಮಾ, ಅದನ್ನ ತಗೊಂಡು ಹೋದ್ರೆ ನಮ್ಮತ್ತೆ ಅದ್ರಲ್ಲಿ ನನ್ನೇ ಅದ್ದುಬಿಡ್ತಾರೆ," ಅಂದು ಹೋಗಿ ಚಿಕ್ಕಮ್ಮನ ಕೊರಳಿಗೆ ಬಿದ್ದಳು. ನಾನು ಅಡುಗೆಮನೆಗೆ ಹೋಗಿ ಸುಮ್ಮಸುಮ್ಮನೆ ಪಾತ್ರೆ ಕುಕ್ಕಿದೆ.

ಮುಂದಿನ ವಸಂತದಲ್ಲಿ ಕೊಪ್ಪರಿಗೆಯಿಲ್ಲದ ಬೀದಿ ಮತ್ತೆ ಹಳೇ ಸೊಟ್ಟ ಪಾತ್ರೆಗಳಿಗೆ ಇಳಿಯಿತು. "ನಿನ್ನ ಮಗಳು ಬೀದಿಯ ಬರಕತ್ತೆಲ್ಲ ಹೊತ್ಕೊಂಡು ಹೋದ್ಲಲ್ಲೇ" ಅಂತ ಜಲಾಲನಮ್ಮ ನನ್ನನ್ನೇ ಬೈದಳು. ನನಗೆ ಅದರ ಚಿಂತೆ ಇರಲಿಲ್ಲ. ನನ್ನ ಕಣ್ಣೆಲ್ಲ ಸೂಫ್ ಕಡೆಯ ರಸ್ತೆಯ ಮೇಲೆ. ರಸ್ಮಿಯಾಳೂ ಆ ದಿನಗಳಲ್ಲಿ ಬಾಗಿಲ ಬಳಿಯೇ ಕೂತು ಬೇಳೆ ಆರಿಸುತ್ತಿದ್ದಳು. ನೋಡುತ್ತಿದ್ದೆ ನಾನು.

ಕಡೆಗೊಂದು ಬೆಳಿಗ್ಗೆ ಅಳಿಯನ ಪಿಕಪ್ ಬಂತು. ನಮ್ಮೆರಡು ಮನೆಗಳ ನಡುವೆ ನಿಂತಿತು. ಅಳಿಯ ಡಬ್ಬಿ ಹೊತ್ತು ಇಳಿದು, ನೆಟ್ಟಗೆ ನನ್ನ ಬಾಗಿಲಿಗೆ ಬಂದು, "ಅತ್ತೆ, ಅರೂಬ್ ಕಳಿಸಿದ್ಲು," ಅಂದ.

ಚಹಾ ಕುಡಿಸಿ ಅಳಿಯನನ್ನು ಕಳಿಸಿದ್ದೇ ತಡ, ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ಮಿಯಾಳ ಮನೆಗೆ ಹೋದೆ. ತೋರಿಸದಿದ್ದರೆ ಗೆದ್ದು ಏನು ಬಂತು?

ಅವಳು ತಟ್ಟೆ ತಂದಳು. ಒಂದು ತುಂಡು ಇಟ್ಟೆ. ಉಪ್ಪು ಬಿಡಲು ನೀರಿನಲ್ಲಿ ನೆನೆಸದೆ ಹಾಗೇ ಬಾಯಿಗೆ ಹಾಕಿಕೊಂಡಳು. ಅಗಿದಳು. ಅಗಿಯುತ್ತಾ ಅಗಿಯುತ್ತಾ ಅವಳ ಮುಖ ಸಣ್ಣಗಾಯಿತು.

"ಉಪ್ಪು," ಅಂದಳು.

"ಜಾಸ್ತಿಯಾ?"

"ನಿನ್ನ ಉಪ್ಪು ಅಕ್ಕಾ. ಎಷ್ಟು ಹೇಳ್ದೆ, ಇಷ್ಟು ಬೇಡ ಕಣೆ ಅಂತ. 'ಅಮ್ಮ ಹೀಗೇ ಹಾಕೋದು ಚಿಕ್ಕಮ್ಮಾ, ನಂಗೆ ಹೀಗೇ ರುಚಿ' ಅಂತಿದ್ಲು. ಕೇಳ್ಲೇ ಇಲ್ಲ." ತಟ್ಟೆಯನ್ನು ಆ ಕಡೆ ಸರಿಸಿದಳು. "ಕೊಪ್ಪರಿಗೆ ಕೊಟ್ಟೆ, ಕೈಲಿದ್ದದ್ದೆಲ್ಲ ಕಲಿಸ್ದೆ. ಆದ್ರೂ ಬಂದದ್ದು ನಿನ್ನ ರುಚಿನೇ. ನಂಗೆ ಹೊಟ್ಟೆ ಉರೀತದೆ ಅಕ್ಕಾ. ಈಗಲ್ಲ, ಅರೂಬ್ ಹುಟ್ಟಿದಾಗ್ಲಿಂದ ಉರೀತಾನೇ ಇದೆ."

ಈ ಮಾತು ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ! ಅವಳ ಕಣ್ಣು ತುಂಬಿತ್ತು. ನನ್ನದೂ ಅಷ್ಟೇ ಅನ್ನಿ, ಯಾಕೆಂದು ಕೇಳಬೇಡಿ.

"ಉರೀಲಿ ಬಿಡು," ಅಂದೆ. "ನಂಗೆ ಉರಿದಿಲ್ವಾ?"

ಅವಳು ಮೂಗು ಒರೆಸಿಕೊಂಡು, "ಅರ್ಧ ಡಬ್ಬಿ ಇಟ್ಟು ಹೋಗಕ್ಕಾ," ಅಂದಳು.

ಆ ತಟ್ಟೆಗೆ ಇನ್ನೆರಡು ತುಂಡು ಹಾಕಿ, ಮುಚ್ಚಳ ಬಿಗಿದು ಎದ್ದೆ. ಕೊಪ್ಪರಿಗೆ ಬೇಕಾದರೆ ಅವಳದಿರಲಿ, ಮಗಳು ನನ್ನವಳು.