ಡೀಸೆಲ್ ಕೋಣೆಯ ಬಾಗಿಲಲ್ಲಿ ನಮ್ಮ ಭಾವ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಲಾರಿ ಶೆಡ್ಡಿನ ಡೀಸೆಲ್ ಕೋಣೆ ಕಾಯುವವರು. ನಾನು ಅದೇ ಶೆಡ್ಡಿನಲ್ಲಿ ಗುಮಾಸ್ತ. ಅವರ ಕಾಟ ಮನೆಯಲ್ಲೂ ತಪ್ಪಿದ್ದಲ್ಲ, ಕೆಲಸದಲ್ಲೂ ತಪ್ಪಿದ್ದಲ್ಲ, ನನ್ನ ಕರ್ಮ!

ಬ್ಯಾರೆಲ್‌ಗಳ ಬಳಿ ಬೆಂಕಿ ಸುಳಿಯಬಾರದು ಅನ್ನುವುದು ಎಲ್ಲರಿಗೂ ಗೊತ್ತು. ಭಾವನಿಗೆ ಅಷ್ಟು ಸಾಲದು. ಒಳಗೆ ಹೋಗುವವರ ಜೇಬು ತಡಕಿ, ಬಾಯಿ ಮೂಸಿ, ಅಂಗಿಯ ಬಟ್ಟೆ ತಿಕ್ಕಿ ನೋಡುತ್ತಿದ್ದರು. ನೈಲಾನ್ ಆದರೆ ಬಿಚ್ಚಿಡಬೇಕು; ಅದು ಕಿಡಿ ಹಾರಿಸುತ್ತದೆಂದು ಗೋಡೆಯ ಮೇಲಿನ ನಿಯಮದ ಹಲಗೆಯಲ್ಲೇ ಬರೆದಿತ್ತು. ಡ್ರೈವರುಗಳು ರೇಗಿ ರೇಗಿ ಮ್ಯಾನೇಜರ್ ಬಳಿ ದೂರು ಒಯ್ದರು. "ಇನ್ನೊಂದು ದೂರು ಬರಲಿ, ನಿಮ್ಮನ್ನ ಮೂಟೆ ಹೊರೋಕೆ ಹಾಕ್ತೀನಿ" ಎಂದು ಮ್ಯಾನೇಜರ್ ಭಾವನನ್ನು ಗದರಿದರು. ಭಾವನ ಸೊಂಟ ತಲೆದಿಂಬು ಎತ್ತಿದರೂ ಹಿಡಿದುಕೊಳ್ಳುತ್ತದೆ. ಅಕ್ಕ ಎರಡು ದಿನ ಊಟ ಬಿಟ್ಟಳು.

ಅದೇ ವಾರ ತಪಾಸಣೆಯ ಸಾಹೇಬರು ಬಂದರು. ಪ್ಯಾಂಟೇನೋ ಹತ್ತಿಯದು, ಅಂಗಿ ಮಾತ್ರ ಮಿರಮಿರ ಮಿಂಚುತ್ತಿತ್ತು. ಭಾವ ಆ ಅಂಗಿಯ ತೋಳನ್ನು ಬೆರಳಲ್ಲಿ ತಿಕ್ಕಿದರು.

"ಸಾರ್, ಬೇಜಾರು ಮಾಡ್ಕೋಬೇಡಿ. ಇದನ್ನ ಬಿಚ್ಚಿಟ್ಟು ಒಳಗೆ ಹೋಗ್ಬೇಕು."

"ಏನ್ರೀ, ನಾನು ಯಾರು ಅಂತ ಗೊತ್ತಾ?"

"ನನಗೆ ಗೊತ್ತು ಸಾರ್. ಡೀಸೆಲ್‌ಗೆ ಗೊತ್ತಿಲ್ಲ."

ಮ್ಯಾನೇಜರ್ ತಲೆ ಚಚ್ಚಿಕೊಂಡರು. "ಭಾವ, ನಿಮ್ಮ ದಮ್ಮಯ್ಯ, ಬಿಟ್ಬಿಡಿ!" ಎಂದು ನಾನು ಕಿವಿಯಲ್ಲಿ ಗೋಗರೆದೆ. ಊಹೂಂ. ಸಾಹೇಬರು ಹಲಗೆ ಓದಿದರು, ಗೊಣಗಿದರು, ಅಂಗಿ ಬಿಚ್ಚಿ ನನ್ನ ಕೈಗೆ ಎಸೆದರು. ಬನಿಯನ್ನಿನಲ್ಲೇ ಒಳಗೆ ಕಾಲಿಡಬೇಕೆನ್ನುವಾಗ ತಟ್ಟನೆ ನಿಂತರು.

"ಅದಿರಲಿ, ನಿಮ್ಮ ಪ್ಯಾಂಟು ಯಾವ ಬಟ್ಟೇದ್ರೀ?"

ಭಾವ ಕೆಳಗೆ ನೋಡಿಕೊಂಡರು. ತಿಕ್ಕಿದರು. ಮುಖ ಇಂಗು ತಿಂದ ಮಂಗನಂತಾಯಿತು. ದಿನವೂ ಊರವರ ಬಟ್ಟೆ ತಿಕ್ಕಿದ ಮಹಾರಾಯರು ತಮ್ಮ ಪ್ಯಾಂಟನ್ನು ಒಮ್ಮೆಯೂ ತಿಕ್ಕಿ ನೋಡಿರಲಿಲ್ಲ! ಅಪ್ಪಟ ನೈಲಾನ್.

"ತಪ್ಪಾಯ್ತು ಸಾರ್" ಎಂದವರೇ ಅಷ್ಟೂ ಡ್ರೈವರುಗಳ ಎದುರು ಪ್ಯಾಂಟು ಕಳಚಿ, ನೀಟಾಗಿ ಮಡಚಿ ಹೊರಗಿಟ್ಟರು. ಪಟ್ಟೆಪಟ್ಟೆ ಚಡ್ಡಿಯಲ್ಲಿ ಸೆಟೆದು ನಿಂತು, "ಈಗ ಬನ್ನಿ ಸಾರ್" ಎಂದು ಬಾಗಿಲು ತೆಗೆದರು. ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಕಣ್ಣು ಒದ್ದೆಯಾಯಿತು, ಸುಳ್ಳೇಕೆ ಹೇಳಲಿ. ಇನ್ನು ಈ ಮನುಷ್ಯನಿಗೆ ಮೂಟೆಯೇ ಗತಿ ಅಂದುಕೊಂಡೆ.

ಒಳಗೆಲ್ಲ ನೋಡಿ ಬಂದ ಸಾಹೇಬರು ನಗದೆ ವರದಿ ಬರೆದು ಮ್ಯಾನೇಜರ್ ಕೈಗಿತ್ತರು. ನಾನು ಹೆಗಲ ಮೇಲಿಂದ ಇಣುಕಿ ಓದಿದೆ: "ಕೋಣೆ ಸುರಕ್ಷಿತ. ಈ ಕಾವಲುಗಾರರನ್ನು ಈ ಬಾಗಿಲಿನಿಂದ ಕದಲಿಸಕೂಡದು. ಇವರಿಗೊಂದು ಹತ್ತಿಯ ಪ್ಯಾಂಟು ಕೊಡಿಸತಕ್ಕದ್ದು, ಇವತ್ತೇ."