ಡೋಲಿನ ಗುಡ್ಡದ ಹಿಂದೆ

ಮಲ್ಲಪ್ಪ ಅಂಕಲ್ ಮಾತನ್ನು ಕಣ್ಣಿನಿಂದ ಕೇಳುತ್ತಿದ್ದರು. ಕಿವಿ ಇರಲಿಲ್ಲವೆಂದಲ್ಲ, ಎರಡೂ ಇದ್ದವು. ಎಡಗಿವಿ ಅರ್ಧ ಕೆಲಸ ಮಾಡುತ್ತಿತ್ತು. ಬಲಗಿವಿ ಮಾತ್ರ ಯಶವಂತಪುರದ ಒಂದು ಕಾರ್ಖಾನೆಯ ಪ್ರೆಸ್ ಮಷೀನಿನ ಪಕ್ಕ ಮೂವತ್ತು ವರ್ಷ ನಿಂತು, ಅವರಿಗಿಂತ ಮೊದಲೇ ರಿಟೈರ್ ಆಗಿತ್ತು. ಆದರೆ ಕಂಪ್ಯೂಟರಿನಲ್ಲಿ ಯಾವುದಾದರೂ ವಿಡಿಯೋ ತೆರೆದು, ಅದರ ಧ್ವನಿಯನ್ನು ಪರದೆಯ ಕೆಳಗೆ ಹಸಿರು ಗೆರೆಯಾಗಿ ಹರಡಿಕೊಂಡು ಕೂತರೆಂದರೆ ಮುಗಿಯಿತು. ಆ ಗೆರೆಯ ಏರಿಳಿತಕ್ಕೆ ಅವರಿಟ್ಟ ಹೆಸರು ಗುಡ್ಡ. ಸ್ಪೀಕರ್ ಬಂದ್ ಮಾಡಿ, ಬರೀ ಗುಡ್ಡ ನೋಡಿ, ಯಾರು ಮಾತಾಡಿದರೆಂದು ಹೇಳುತ್ತಿದ್ದರು.

"ಇದು ನಿಮ್ಮವ್ವ. ನೋಡು, ಒಮ್ಮೆ ಏರಿದ್ರ ಇಳಿಯೂ ಮಾತ ಇಲ್ಲ. ಇದು ನಿಮ್ಮಪ್ಪ, ನೆಲಕ್ಕ ಹತ್ತಿ ಮಲಗ್ಯಾನ. ಇಲ್ಲಿ ಬೇಲಿಗೆ ಮುಳ್ಳು ಹಚ್ಚಿದಂಗ ಕಾಣ್ತೈತಲ್ಲಾ, ಅದು ನೀನು."

ನಮ್ಮ ಸಂಜಯನಗರದ ಮನೆಯ ಮೇಲಿನ ಮಹಡಿಯಲ್ಲಿ ಅವರೂ ಗಂಗಮ್ಮ ಆಂಟಿಯೂ ಬಾಡಿಗೆಗಿದ್ದರು. ಊರು ಗದಗ. ನಾನೋ, ಹುಟ್ಟಿದಾಗಿನಿಂದ ಇನ್ನೊಬ್ಬರ ಗಂಟಲು ಕದ್ದೇ ಬದುಕಿದವನು. ತರಕಾರಿ ಗಾಡಿಯವನಿಂದ ಹಿಡಿದು ನನ್ನ ಕಾಲೇಜಿನ ಪ್ರಿನ್ಸಿಪಾಲರವರೆಗೆ ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಯಾವುದು ಅಂತ ಯಾರಾದರೂ ಕೇಳಿದರೆ ಎರಡು ದಿನ ಟೈಮ್ ಕೇಳಬೇಕು, ಅಂಥ ಪರಿಸ್ಥಿತಿ. ಅಮ್ಮನ ದನಿಯಲ್ಲಿ ಮೆಟ್ಟಿಲ ಬುಡದಿಂದ "ಮಲ್ಲಪ್ಪನವ್ರೇ, ಮೋಟರ್ ಆಫ್ ಮಾಡ್ರೀ, ಟ್ಯಾಂಕ್ ತುಂಬೋಯ್ತು!" ಅಂತ ಕೂಗಿ, ಅವರನ್ನು ಒಂದೇ ವಾರದಲ್ಲಿ ಮೂರು ಸಲ ಕೆಳಗೆ ಓಡಿಸಿದ್ದೆ. ನಾಲ್ಕನೆಯ ಸಲ ಅವರು ಇಳಿದು ಬರಲಿಲ್ಲ. ಮೊಬೈಲಿನಲ್ಲಿ ನನ್ನ ಕೂಗನ್ನು ಹಿಡಿದುಕೊಂಡು, ಕಂಪ್ಯೂಟರಿಗೆ ಹಾಕಿ, ಅಮ್ಮನ ಗುಡ್ಡದ ಪಕ್ಕ ನನ್ನ ಗುಡ್ಡ ಇಟ್ಟು ನೋಡಿದ್ದರು. ಸಂಜೆ ನನ್ನನ್ನು ಕರೆದು ತೋರಿಸಿದರು.

"ನಿಮ್ಮವ್ವ ಉಸುರು ತಗೋಳಾಕರ ನಿಲ್ತಾಳ. ನೀ ಅದಕ್ಕೂ ನಿಲ್ಲಂಗಿಲ್ಲ. ಬಯಲೇ ಇಲ್ಲಲೋ ನಿನ್ನ ಮಾತಿನಾಗ!"

ಎರಡು ಗುಡ್ಡಗಳ ನಡುವೆ ಗೆರೆ ನೇರವಾಗಿ ಮಲಗಿರುವ ಜಾಗ, ಅಂದರೆ ಮೌನ, ಅದು ಅವರ ಲೆಕ್ಕದಲ್ಲಿ ಬಯಲು. ಆವತ್ತಿನಿಂದ ನಾನು ಅವರ ಶಿಷ್ಯ. ಗುರುವನ್ನೂ ಮಿಮಿಕ್ರಿ ಮಾಡುತ್ತಿದ್ದೆ, ಅದು ಬೇರೆ ಮಾತು.

ಬೀದಿಯವರ ನಾಮಕರಣ, ಗೃಹಪ್ರವೇಶ, ಮಕ್ಕಳ ಬರ್ತ್‌ಡೇ, ಎಲ್ಲದರ ವಿಡಿಯೋವನ್ನೂ ಅಂಕಲ್ ತಾವೇ ತೆಗೆದು, ತಾವೇ ಕತ್ತರಿಸಿ ಜೋಡಿಸಿ ಕೊಡುತ್ತಿದ್ದರು. ಪುಕ್ಕಟೆ. ಆದರೆ ಒಂದು ಕಟ್ಟುಪಾಡು ಇತ್ತು. ಎಷ್ಟೇ ಕೇಳಿಕೊಂಡರೂ ಸಿನಿಮಾ ಹಾಡು ಹಾಕುತ್ತಿರಲಿಲ್ಲ. "ಅವರ ಮನಿ ವಿಡಿಯೋಕ್ಕ ಅವರ ಮನಿ ಸಪ್ಪಳನ ಬೇಕು. ಬ್ಯಾರೇದವರ ಹಾಡು ಯಾಕ ತರ್ತಿ?" ಸಹಕಾರನಗರದ ಒಬ್ಬರ ಗೃಹಪ್ರವೇಶಕ್ಕೆ ಅವರು ಹಾಕಿದ ಹಿನ್ನೆಲೆ ಸಂಗೀತ, ಅದೇ ಮನೆಯ ಹಾಲು ಉಕ್ಕಿದ ಸದ್ದು, ಜಾಗಟೆ, ಮತ್ತು ಒಂದು ಮಗುವಿನ ಬಿಕ್ಕಳಿಕೆ. ಆ ಮನೆಯವರು ಮೊದಲು ಮುಖ ಹುಳ್ಳಗೆ ಮಾಡಿಕೊಂಡರು. ಆಮೇಲೆ ಬಂದವರಿಗೆಲ್ಲ ಅದನ್ನೇ ತೋರಿಸಿದರು.

ಈ ಕಟ್ಟುಪಾಡೇ ನನ್ನ ಕುತ್ತಿಗೆಗೆ ಬಂದದ್ದು ರಮ್ಯಕ್ಕನ ನಿಶ್ಚಿತಾರ್ಥದಲ್ಲಿ.

ಅಕ್ಕನ ಮಾವನವರಾಗಲಿದ್ದ ಮುನಿರಾಜಣ್ಣ ಯಲಹಂಕದಾಚೆಯ ಹಳ್ಳಿಯವರು. ಹೊಲವಿದ್ದ ಕಡೆ ಈಗ ಲೇಔಟು. ಹಾಗಾಗಿ ಪ್ರಪಂಚದ ಯಾವ ವಸ್ತುವನ್ನು ಹೊಗಳಬೇಕಾದರೂ ಅವರಿಗೆ ಸೈಟಿನ ಭಾಷೆಯೇ ಬೇಕು. ನಿಶ್ಚಿತಾರ್ಥದ ದಿನ ಹೋಳಿಗೆ ಬಾಯಿಗಿಟ್ಟು, "ಓಳಿಗೆ ಕಿಲಿಯರ್ ಟೈಟ್ಲು ಕಣ್ರೀ, ಏನೂ ತಕರಾರಿಲ್ಲ" ಅಂದರು. ಅಲ್ಲಿಗೆ ನನ್ನ ಗಂಟಲಲ್ಲಿ ನವೆ ಶುರುವಾಯಿತು. ಕ್ಯಾಮೆರಾ ಹಿಡಿದ ಅಂಕಲ್ ಪಕ್ಕದಲ್ಲೇ ನಿಂತಿದ್ದೆ. ಉಂಗುರ ತೊಡಿಸುವ ಹೊತ್ತು, ನಾದಸ್ವರ ಡೋಲುಗಳು ಗಟ್ಟಿಮೇಳಕ್ಕೆ ಏರಿದವು. ಈ ಗದ್ದಲದಲ್ಲಿ ಯಾರಿಗೆ ಕೇಳೀತು ಎಂಬ ಧೈರ್ಯದಲ್ಲಿ, ಮುನಿರಾಜಣ್ಣನವರ ದನಿಯಲ್ಲೇ ಬಿಟ್ಟೆ:

"ಉಡುಗಿ ಕಾರ್ನರ್ ಸೈಟು ಕಣ್ರೀ! ಎರಡ್ ಕಡೆ ರೋಡು! ಇವತ್ತೇ ರಿಜಿಸ್ಟ್ರೇಷನ್ ಮುಗಿಸ್ಬುಡಣ!"

ನನ್ನ ಕಸಿನ್ನುಗಳು ಬಿದ್ದು ಬಿದ್ದು ನಕ್ಕರು. ಕಲಾವಿದನಿಗೆ ಇನ್ನೇನು ಬೇಕು?

ಹದಿನೈದು ದಿನದ ಮೇಲೆ, ಶನಿವಾರ ಬೆಳಿಗ್ಗೆ ಅಂಕಲ್ ವಿಡಿಯೋ ತಯಾರಾಗಿದೆ ಅಂತ ಕರೆದರು. ಭಾನುವಾರ ಮುನಿರಾಜಣ್ಣನವರ ಮನೆಯಿಂದ ಹನ್ನೊಂದು ಜನ ಅದನ್ನು ನೋಡಲೆಂದೇ ನಮ್ಮ ಮನೆಗೆ ಬರುವವರಿದ್ದರು. ಅಕ್ಕ ಮೌಸ್ ಕಸಿದುಕೊಂಡು ನೇರ ಉಂಗುರದ ಘಟ್ಟಕ್ಕೇ ಹಾರಿದಳು. ಪರದೆಯ ಮೇಲೆ ಭಾವ ನಾಚುತ್ತಾ ಬೆರಳು ಹಿಡಿದ, ಅಕ್ಕ ತಲೆ ತಗ್ಗಿಸಿದಳು, ಸ್ಪೀಕರಿನಿಂದ ಡೋಲಿನ ಸಂದಿಯಲ್ಲಿ ಸ್ಪಷ್ಟವಾಗಿ ಬಂತು: "ಉಡುಗಿ ಕಾರ್ನರ್ ಸೈಟು ಕಣ್ರೀ!"

ಅಕ್ಕ ನನ್ನ ಕಿವಿ ಹಿಂಡಿದ್ದು ಎಷ್ಟು ಜೋರಾಗಿತ್ತೆಂದರೆ ಇನ್ನೇನು ನಾನೂ ಅಂಕಲ್ ಥರ ಗುಡ್ಡ ನೋಡಬೇಕಾಗುತ್ತಿತ್ತು.

"ಲೋ, ಅವ್ರು ದೊಡ್ ಮಗನ ಮದ್ವೇಲಿ ಫ್ಲೆಕ್ಸಲ್ಲಿ ಹೆಸ್ರು ಕೆಳಗಡೆ ಹಾಕಿದ್ರು ಅಂತ ಊಟ ಬಿಟ್ಟು ಎದ್ದೋದೋರು ಕಣೋ! ಇದನ್ನ ಕೇಳಿದ್ರೆ ನನ್ ಕಥೆ ಏನೋ? ನಾಳೆ ಬೆಳಗ್ಗೆ ಒಳಗೆ ಇದು ಹೋಗ್ಲಿಲ್ಲ ಅಂದ್ರೆ ನೀನು ಹೋಗ್ತೀಯ!"

"ಗಾಬರಿ ಆಗಬ್ಯಾಡವ್ವ, ಒಂದು ಗುಂಡಿ ಒತ್ತೂ ಕೆಲಸ" ಎಂದ ಅಂಕಲ್ ಆ ತುಣುಕಿನ ಧ್ವನಿ ಮ್ಯೂಟ್ ಮಾಡಿದರು. ಓಡಿಸಿದೆವು. ಕಾರ್ನರ್ ಸೈಟು ಬಂತು. ಇನ್ನೊಮ್ಮೆ ಮ್ಯೂಟ್ ಒತ್ತಿ, ತೆಗೆದು, ಮತ್ತೆ ಒತ್ತಿದರು. ಎರಡ್ ಕಡೆ ರೋಡೂ ಬಂತು. ಸಿಟ್ಟಿಗೆದ್ದು ಆ ತುಣುಕನ್ನೇ ಅಳಿಸಿ ನೋಡಿದರು. ಪರದೆ ಪೂರ್ತಿ ಕಪ್ಪಾಯಿತು. ಆ ಕಗ್ಗತ್ತಲೆಯೊಳಗಿಂದ ನಾನು ರಿಜಿಸ್ಟ್ರೇಷನ್‌ಗೆ ಕರೆಯುತ್ತಲೇ ಇದ್ದೆ.

ತುಣುಕನ್ನು ವಾಪಸ್ ತಂದರು. ಕಂಪ್ಯೂಟರ್ ಆರಿಸಿ ಹಚ್ಚಿದ್ದಾಯಿತು. ಗಂಗಮ್ಮ ಆಂಟಿ ಅಡುಗೆಮನೆಯಿಂದ ಇಣುಕಿ, "ಅದಕ್ಕ ದೃಷ್ಟಿ ಆಗೇತಿ, ಉಪ್ಪು ನಿವಾಳಿಸ್ಲೇನು?" ಅಂದರು. ಏನಾದರಾಗಲಿ ಎಂದು ಮೊದಲಿನಿಂದ ನೋಡುತ್ತಾ ಬಂದೆವು. ಅಲ್ಲಿ ಗೊತ್ತಾಯಿತು ನೋಡಿ ನನ್ನ ಕೀರ್ತಿಯ ವಿಸ್ತಾರ. ಬೀಗರು ಬಾಗಿಲಲ್ಲಿ ಕಾಲಿಟ್ಟರೆ ಕಾರ್ನರ್ ಸೈಟು. ತಾಂಬೂಲ ಬದಲಾಯಿಸಿದರೆ ಕಾರ್ನರ್ ಸೈಟು. ನಮ್ಮಜ್ಜಿ ಒಂದು ಮೂಲೆಯಲ್ಲಿ ಕೂತು ದೊಡ್ಡದಾಗಿ ಆಕಳಿಸಿದರು, ಸರಿಯಾಗಿ ಅವರ ತೆರೆದ ಬಾಯಿಂದಲೇ ಹೊರಬಂತು, "ಉಡುಗಿ ಕಾರ್ನರ್ ಸೈಟು ಕಣ್ರೀ!" ಅಳುವ ಹಂತದಲ್ಲಿದ್ದ ಅಕ್ಕ ಅಜ್ಜಿಯನ್ನು ನೋಡಿ ಪುಸಕ್ಕನೆ ನಕ್ಕುಬಿಟ್ಟಳು. ನಕ್ಕದ್ದಕ್ಕೆ ನನಗೇ ಮತ್ತೊಂದು ಏಟು ಬಿತ್ತು.

ಅಂಕಲ್ ಮಾತ್ರ ನಗಲಿಲ್ಲ. ಸ್ಪೀಕರ್ ಆರಿಸಿದರು. ಮೂಗು ಪರದೆಗೆ ತಾಗುವಷ್ಟು ಬಾಗಿ, ಗೆರೆಯನ್ನು ಹಿಗ್ಗಿಸುತ್ತಾ ಹಿಗ್ಗಿಸುತ್ತಾ ಹೋದರು. ವಿಡಿಯೋದ ಸ್ವಂತ ಧ್ವನಿಯ ಗೆರೆ ಮೇಲೆ, ಅದರ ಕೆಳಗೆ ಅವರು ಹಾಸಿದ್ದ ವಾದ್ಯದ ಗೆರೆ.

"ಹ್ಞಾಂ" ಎಂದು ನಿಲ್ಲಿಸಿದರು. "ಇದು ಡೋಲು. ಡೋಲಿನ ಗುಡ್ಡ ಸರಳ ಇಳಿದು ಹೋಗ್ತೈತಿ. ಈ ಇಳಿಜಾರಿನಾಗ ಮುಳ್ಳು ಯಾರದಲೇ?"

"ನಂದಾ ಅಂಕಲ್?"

"ಮತ್ತ ನಮ್ಮಪ್ಪಂದ?"

ಆಮೇಲೆ ಮೂವರಿಗೂ ಒಟ್ಟಿಗೆ ಹೊಳೆಯಿತು. ಪೂರ್ತಿ ವಿಡಿಯೋಗೆ ಹಿನ್ನೆಲೆ ವಾದ್ಯ ಬೇಕಲ್ಲ? ಬೇರೆಯವರ ಸಂಗೀತ ಮುಟ್ಟದ ಅಂಕಲ್, ಉಂಗುರದ ತುಣುಕಿನಿಂದಲೇ ಗಟ್ಟಿಮೇಳದ ಧ್ವನಿಯನ್ನು ಪ್ರತಿ ಮಾಡಿಕೊಂಡು, ಕೆಳಗಿನ ಸಾಲಿನಲ್ಲಿ ಉದ್ದಕ್ಕೂ ಹತ್ತು ಸಲ ಅಂಟಿಸಿದ್ದರು. ನಾವು ಮೇಲಿನ ಧ್ವನಿಯ ಬಾಯಿ ಮುಚ್ಚುತ್ತಿದ್ದೆವು. ನಾನೋ ಕೆಳಗೆ ಡೋಲಿನ ಗುಡ್ಡದ ಹಿಂದೆ ಅಡಗಿ ಕೂತು, ಹತ್ತು ಬಾಯಿಂದ ಕೂಗುತ್ತಿದ್ದೆ.

"ತಪ್ಪು ನಿಂದ ಒಂದು, ನಂದ ಹತ್ತು" ಎಂದು ಅಂಕಲ್ ಆಗ ನಕ್ಕರು. ಅವರ ನಗುವಿಗೆ ಸದ್ದೇ ಇರುತ್ತಿರಲಿಲ್ಲ, ಭುಜ ಮಾತ್ರ ಕುಣಿಯುತ್ತಿದ್ದವು.

ಒಂಬತ್ತು ಕಡೆ ಸುಲಭವಾಯಿತು. ಮೇಳ ಏರುವ ಮುಂಚಿನ ನಿಧಾನದ ನಾದಸ್ವರ ಶುದ್ಧವಾಗಿತ್ತು, ಅದನ್ನೇ ಹಾಸಿದರು. ಆದರೆ ಉಂಗುರದ ಹೊತ್ತಿಗೆ ಗಟ್ಟಿಮೇಳವೇ ಆಗಬೇಕು, ಇದ್ದದ್ದು ಒಂದೇ ಗಟ್ಟಿಮೇಳ, ಅದರ ತುಂಬ ನಾನು.

"ನೆಟ್ಟಲ್ಲಿ ಸಾವಿರ ಸಿಗುತ್ತೆ ಅಂಕಲ್, ಒಂದ್ ಹಾಕ್ಬಿಡಿ" ಅಂದೆ.

"ಆ ಮನಿ ಸಪ್ಪಳನ ಬೇಕು."

"ಅಯ್ಯೋ, ಡೋಲಿನವ್ರನ್ನ ಈಗ ಎಲ್ಲಿಂದ ತರೋದು?"

ಅಂಕಲ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಯಾಕ, ನೀ ಆ ಮನಿಯಾಂವ ಅಲ್ಲೇನು?"

ಹೀಗೆ ನನ್ನ ಜೀವನದ ಅತಿ ದೊಡ್ಡ ಕಛೇರಿ ಗಂಗಮ್ಮ ಆಂಟಿಯ ಬಚ್ಚಲುಮನೆಯಲ್ಲಿ ಶುರುವಾಯಿತು. ಬೋರಲು ಹಾಕಿದ ಪ್ಲಾಸ್ಟಿಕ್ ಕೊಡವೇ ಡೋಲು, ಮೂಗು ಮತ್ತು ತುಟಿ ನಾದಸ್ವರ. ಅಕ್ಕ ಮೊಬೈಲ್ ಹಿಡಿದು ನಿಂತಳು. ನಾನು ಕೆನ್ನೆ ಉಬ್ಬಿಸಿ "ಪೀಂ ಪೀಂ" ಎಂದು ಕೊಡ ಬಡಿದೆ. ಪ್ರತಿ ಸಲವೂ ಅಂಕಲ್ ಒಳಗಿನಿಂದ ಗುಡ್ಡ ನೋಡಿ ಕೂಗುತ್ತಿದ್ದರು:

"ಮೇಳ ನಿಂತ ಮ್ಯಾಲೆ ನೀನೂ ನಿಲ್ಲಬೇಕಲೇ! ಕಡೀಗೆ ಒಂದು 'ಡುಂ' ಯಾಕ ಹಚ್ತಿ?"

"ಅದು ಫಿನಿಶಿಂಗ್ ಅಂಕಲ್!"

"ಬಯಲು ಬೇಕು. ಬಯಲು!"

ಹದಿನೇಳನೆಯ ಸಲಕ್ಕೆ ನಾನು ನಿಂತೆ. ನಿಲ್ಲಿಸಿದ್ದು ಅಕ್ಕ, ಬಾಯಿಗೆ ಟವೆಲ್ ತುರುಕಿ.

ಭಾನುವಾರ ಹನ್ನೊಂದು ಜನ ಬಂದು ಟಿವಿಯ ಮುಂದೆ ಕೂತರು. ಅಕ್ಕ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಉಂಗುರದ ಘಟ್ಟ ಬಂತು. ಕೊಡ ಡೋಲಾಯಿತು, ಮೂಗು ನಾದಸ್ವರವಾಯಿತು. ಮುನಿರಾಜಣ್ಣ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿ ಮುಂದಕ್ಕೆ ಬಾಗಿದರು.

"ಏ, ಯಾವೂರ್ ಸೆಟ್ರೀ ಇದು? ಡೋಲ್ನೋನು ಎಂಗ್ ಬಾರಿಸ್ತಾವ್ನೆ ನೋಡ್ರೀ! ಅವತ್ತು ನಾನ್ ಸರ್ಯಾಗಿ ಕೇಳ್ಸ್ಕೊಂಡೇ ಇರ್ಲಿಲ್ಲ. ಮದ್ವೆಗೂ ಇವುನ್ನೇ ಬುಕ್ ಮಾಡಿ!"

ಅಂಕಲ್ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಬುಕ್ ಆಗ್ಯಾನ್ರಿ. ಹೊಟ್ಟಿ ತುಂಬ ಊಟ ಹಾಕಿದ್ರ ಬರ್ತಾನ." ಅಕ್ಕ ತಟ್ಟೆಯನ್ನು ಅಲ್ಲೇ ಇಟ್ಟು ಅಡುಗೆಮನೆಗೆ ಓಡಿದಳು. ಅವಳು ಅಳುತ್ತಿದ್ದಾಳೆಂದು ತಿಳಿದು ಬೀಗಿತ್ತಿ, "ಪಾಪ, ತೌರು ಬಿಡೋ ಸಂಕ್ಟ" ಎಂದರು.

ಮದುವೆಯಾಗಿ ಆರು ತಿಂಗಳಿಗೆ ಅಂಕಲ್, ಆಂಟಿ ಗದಗಿಗೆ ವಾಪಸ್ ಹೊರಟರು. ಅಲ್ಲಿ ಆಂಟಿಯ ಅಕ್ಕ ತಂಗಿಯರೆಲ್ಲ ಒಂದೇ ಓಣಿಯಲ್ಲಿದ್ದರು. ನಾನು ಯಶವಂತಪುರ ಸ್ಟೇಷನ್ನಿಗೆ ಹೋಗಿ ಮೊಬೈಲಿನಲ್ಲಿ ವಿಡಿಯೋ ಹಿಡಿಯುತ್ತಿದ್ದೆ. ಬೇಸರ ಆಗಬಾರದೆಂದು ಅವರ ಮುಂದೆಯೇ ಅವರ ಮಿಮಿಕ್ರಿ ಮಾಡಿದೆ: "ಹ್ಞಾಂ ಇದು ಡೋಲು!" ಆಂಟಿ ಸೆರಗು ಬಾಯಿಗಿಟ್ಟು ನಕ್ಕರು. ಗದ್ದಲದಲ್ಲಿ ಅಂಕಲ್‌ಗೆ ಕೇಳಿಸಲಿಲ್ಲ. ಮೊಬೈಲ್ ಇಸಿದುಕೊಂಡು, ಗುಡ್ಡ ತೆರೆಸಿ ನೋಡಿದರು.

"ಇದು ನಾನಲ್ಲ. ನೀ ಎಲ್ಲಾರ್ನೂ ಮಾಡ್ತಿ ಖರೆ, ನಾ ನಿನಗ ಸಿಗಂಗಿಲ್ಲ ತಮ್ಮಾ. ನಂದು ಮೊದಲ ಒಂದು ಸಣ್ಣ ದಿಬ್ಬ ಇರ್ತೈತಿ, 'ಹ್ಞಾಂ' ಅಂತ. ಆಮ್ಯಾಲೆ ಬಯಲು. ಆಮ್ಯಾಲೆ ಮಾತು. ನೀ ಬಯಲು ಹಾರಿ ಓಡಾಕತ್ತಿ."

ಬೋಗಿಯ ಕಿಟಕಿಯಿಂದ ಅವರು ಇನ್ನೂ ಏನೋ ಹೇಳಿದರು. ಅಷ್ಟರಲ್ಲಿ ರೈಲು ಕೂಗಿತು.

ಆ ವಿಡಿಯೋ ನನ್ನ ಹತ್ತಿರ ಇದೆ. ಅಮ್ಮ, "ಆ ರೈಲಿನ ಗಲಾಟೆ ತೆಗ್ದ್ಹಾಕೋ, ಕಿವಿ ಕಿತ್ತೋಗುತ್ತೆ" ಅನ್ನುತ್ತಾಳೆ. ತೆಗೆದಿಲ್ಲ. ಗೆರೆಯನ್ನು ಹಿಗ್ಗಿಸಿದರೆ ರೈಲಿನ ದೊಡ್ಡ ಗುಡ್ಡ ಶುರುವಾಗುವ ಸ್ವಲ್ಪ ಮುಂಚೆ ಒಂದು ಸಣ್ಣ ದಿಬ್ಬ ಕಾಣುತ್ತದೆ. ಅದರ ಮುಂದೆ ಒಂದು ಪುಟ್ಟ ಬಯಲು. ಅವರ ಮಾತು ಗುಡ್ಡದೊಳಗೆ ಹೋಗಿದೆ, ಏನೆಂದು ತಿಳಿಯದು. ದಿಬ್ಬ ಮತ್ತು ಬಯಲು ಮಾತ್ರ ಅವರದೇ, ಸ್ಪೀಕರ್ ಹಾಕದೆಯೂ ಹೇಳಬಲ್ಲೆ.

ಆಗಾಗ ಅದರ ಕೆಳಗಿನ ಸಾಲಿನಲ್ಲಿ ನನ್ನ ದನಿ ಇಟ್ಟು ಹೋಲಿಸುತ್ತೇನೆ. ದಿಬ್ಬ ಕೂಡುತ್ತದೆ. ಗದಗಿನ ಎಳೆತವೂ ಕೂಡುತ್ತದೆ. ಆದರೆ ನಡುವಿನ ಆ ಒಂದು ಸೆಕೆಂಡು ಬಾಯಿ ಮುಚ್ಚಿಕೊಂಡಿರಬೇಕಲ್ಲ, ಅದು ಇವತ್ತಿನವರೆಗೂ ನನ್ನ ಕೈಲಿ ಆಗಿಲ್ಲ.